ಸವೆದ ಅಂಗಳ, ಇಂಗದ ನೀರು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪರಿಸರದ ಸಭೆಯಲ್ಲಿ ಕಾಡು, ನದಿ, ಗುಡ್ಡಗಳ ಮಾತು ಸಹಜ. ಸಿಮೆಂಟಿನ ಅಂಗಳವನ್ನು ರಿಪೇರಿ ಮಾಡುವ ಮಾತು ಕೆಲವರಿಗೆ ಅಚ್ಚರಿ ತಂದೀತು. ಆದರೆ ಕಳೆದ ಎರಡು ಮೂರು ದಶಕಗಳಲ್ಲಿ ಮಲೆನಾಡಿನ ಮನೆಗಳ ಸುತ್ತ ಅತಿ ಹೆಚ್ಚು ಬದಲಾದದ್ದು ಯಾವುದೆಂದು ಯೋಚಿಸಬೇಕು. ಸಗಣಿ ಸಾರಿಸುತ್ತಿದ್ದ ಅಂಗಳ ಕಾಂಕ್ರೀಟಾಯಿತು. ಕಾಫಿ ಒಣಗಿಸುವ ಕಣ ಕಾಂಕ್ರೀಟಾಯಿತು. ಜೀಪು ಹತ್ತಲಾರದೆ ಕೆಸರಿನಲ್ಲಿ ಹೂತುಹೋಗುತ್ತಿದ್ದ ಮನೆಯ ಏರುದಾರಿಯೂ ಕಾಂಕ್ರೀಟಾಯಿತು. ಹೀಗೆ ಮೊದಮೊದಲು ಹಾಕಿದವು ಈಗ ಸವೆದು, ಬಿರುಕುಬಿಟ್ಟು, ಜಲ್ಲಿ ಎದ್ದು ಕುಳಿತಿವೆ. ಇನ್ನು ಅವುಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ಅನೇಕ ಮನೆಗಳ ಮುಂದಿದೆ. ಈ ಪ್ರಶ್ನೆಯನ್ನು ಮಲೆನಾಡಿಗಿಂತ ಮೊದಲೇ ಎದುರಿಸಿದ ಊರೊಂದನ್ನು ನೋಡಿ ಬಂದರೆ ಉತ್ತರ ಸುಲಭವಾಗುತ್ತದೆ.

ಬ್ಯಾಡರಹಳ್ಳಿಯ ಒಂದು ಗೇಟಿನ ಒಳಗೆ

ಬೆಂಗಳೂರಿನಿಂದ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿದ ಮೇಲೆ ಬ್ಯಾಡರಹಳ್ಳಿ ಸಿಗುತ್ತದೆ. ಹೆಸರಿನಲ್ಲಿ ಇನ್ನೂ ಹಳ್ಳಿಯಿದೆ; ನೆಲದ ಮೇಲೆ ನಗರವಿದೆ. ಇಲ್ಲಿನ ಸಾಮಾನ್ಯ ಮನೆಯೊಂದನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನ. ಮನೆ ಕಟ್ಟಿ ಉಳಿದ ಜಾಗದಲ್ಲಿ ಗೇಟಿನಿಂದ ಒಳಕ್ಕೆ ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಕಾಂಕ್ರೀಟು ಹಾಸು. ಕಾರು ನಿಲ್ಲುವುದು ಅದರ ಮೇಲೆ, ರಂಗೋಲಿ ಬೀಳುವುದು ಅದರ ತುದಿಯಲ್ಲಿ, ಬಟ್ಟೆ ಒಗೆಯುವುದು ಅದರ ಮೂಲೆಯಲ್ಲಿ. ಹಾಕಿ ಹದಿನೈದು ವರ್ಷವಾಗಿದೆ. ಗುಡಿಸಿದಷ್ಟೂ ಪುಡಿ ಏಳುತ್ತದೆ. ಚಕ್ರ ಉರುಳುವ ಎರಡು ಪಟ್ಟಿಗಳಲ್ಲಿ ಜಲ್ಲಿ ಹೊರಬಿದ್ದಿದೆ. ಒಂದು ಬಿರುಕು ಮೂಲೆಯಿಂದ ಮೂಲೆಗೆ ಹರಿದಿದೆ. ನೀರಿನ ಪೈಪು ಹೂಳಲು ಅಗೆದು ಮುಚ್ಚಿದ ಕಡೆ ಹಾಸು ಕುಸಿದು ನೀರು ನಿಲ್ಲುತ್ತದೆ.

ಮನೆಯವರಿಗೆ ಸಾಮಾನ್ಯವಾಗಿ ಎರಡು ಸಲಹೆಗಳು ಬರುತ್ತವೆ. ‘ಮೇಲೊಂದು ಸಿಮೆಂಟ್ ಸಾರಿಸಿಬಿಡಿ’ ಎಂಬುದು ಒಂದು. ‘ಎಲ್ಲ ಒಡೆದು ಹೊಸದಾಗಿ ಹಾಕಿಬಿಡಿ’ ಎಂಬುದು ಇನ್ನೊಂದು. ಮೊದಲನೆಯದು ಅಗ್ಗ, ಆದರೆ ಮುಂದಿನ ಮಳೆಗಾಲದೊಳಗೆ ಹಪ್ಪಳದಂತೆ ಎದ್ದುಬರುತ್ತದೆ. ಎರಡನೆಯದು ದುಬಾರಿ, ಅನೇಕ ಸಲ ಅನಗತ್ಯ. ಸರಿಯಾದ ದಾರಿ ಇವೆರಡರ ನಡುವೆ ಇದೆ. ಅದನ್ನು ಕಾಣಬೇಕಾದರೆ ಕಾಂಕ್ರೀಟು ಏಕೆ ಸವೆಯಿತೆಂದು ಮೊದಲು ತಿಳಿಯಬೇಕು.

ಸವೆತದ ಕಾರಣಗಳು

ಕಾಂಕ್ರೀಟು ಗಟ್ಟಿಯಾಗುವುದು ಒಣಗುವುದರಿಂದಲ್ಲ; ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡುವುದರಿಂದ. ಈ ಕೂಡುವಿಕೆಗೆ ಬೇಕಾದ ನೀರು ಸಿಮೆಂಟಿನ ತೂಕದ ಸುಮಾರು ಕಾಲು ಭಾಗ ಮಾತ್ರ. ಕಲಸಿ ಹರಡುವ ಅನುಕೂಲಕ್ಕಾಗಿ ಅರ್ಧದಷ್ಟು, ಎಂದರೆ 50 ಕಿಲೋ ಚೀಲಕ್ಕೆ 25 ಲೀಟರಿನಷ್ಟು ನೀರು ಬಳಸಬಹುದು. ಒದ್ದೆ ಮರಳಿನಲ್ಲಿರುವ ನೀರೂ ಈ ಲೆಕ್ಕದಲ್ಲಿ ಸೇರಬೇಕು. ಕೆಲಸ ಬೇಗ ಸಾಗಲೆಂದು ಇನ್ನೆರಡು ಕೊಡ ಸುರಿದರೆ ಆ ಹೆಚ್ಚುವರಿ ನೀರು ಆಮೇಲೆ ಆವಿಯಾಗಿ, ತಾನಿದ್ದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಅಂಗಳದ ಸವೆತ ಬಹಳ ಸಲ ಆರಂಭವಾಗುವುದು ಅದನ್ನು ಹಾಕಿದ ದಿನವೇ.

ಎರಡನೆಯ ಕಾರಣ ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಒಂದು ಅಭ್ಯಾಸ. ಹಸಿ ಕಾಂಕ್ರೀಟಿನ ಮೇಲೆ ತೇಲಿಬಂದ ನೀರು ಆರುವ ಮೊದಲೇ ಒಣ ಸಿಮೆಂಟು ಉದುರಿಸಿ ಕರಣೆಯಿಂದ ನುಣ್ಣಗೆ ಉಜ್ಜುತ್ತಾರೆ. ಆ ದಿನ ಅದು ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಆ ನುಣುಪು ಅಡಿಯ ಕಾಂಕ್ರೀಟಿನೊಡನೆ ಒಂದಾಗದ ತೆಳುವಾದ ಸಿಪ್ಪೆ. ಪುಡಿಯಾಗಿ ಮೊದಲು ಉದುರುವುದು ಅದೇ.

ಮೂರನೆಯದು ನೀರುಣಿಸುವಲ್ಲಿನ ಸೋಮಾರಿತನ. ಭಾರತೀಯ ಮಾನಕ ಸಂಸ್ಥೆಯ ಐಎಸ್ 456 ಸಂಹಿತೆಯ ಪ್ರಕಾರ ಸಾದಾ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಹಾರುಬೂದಿ ಮುಂತಾದವನ್ನು ಬೆರೆಸಿದ ಸಿಮೆಂಟಾದರೆ ಕನಿಷ್ಠ 10 ದಿನ ಸತತವಾಗಿ ಒದ್ದೆಯಾಗಿಡಬೇಕು. ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಎರಚಿದರೆ ಮಧ್ಯಾಹ್ನದ ಬಿಸಿಲಿಗೆ ಮೇಲ್ಮೈ ಬಾಯಾರಿಯೇ ಇರುತ್ತದೆ.

ನಾಲ್ಕನೆಯದು ನೆಲದ ಕಾರಣ. ತುಂಬಿದ ಮಣ್ಣನ್ನು ಸರಿಯಾಗಿ ದಿಮ್ಮಿಸದಿದ್ದರೆ, ಪೈಪಿನ ಕಾಲುವೆಯನ್ನು ಸಡಿಲವಾಗಿ ಮುಚ್ಚಿದ್ದರೆ, ಅಂಚಿನ ಅಡಿಯಿಂದ ಮಳೆನೀರು ಮಣ್ಣನ್ನು ಕೊರೆದೊಯ್ದರೆ ಹಾಸಿನ ಕೆಳಗೆ ಟೊಳ್ಳಾಗುತ್ತದೆ. ಆಧಾರ ತಪ್ಪಿದ ಕಾಂಕ್ರೀಟು ಕಾರಿನ ಭಾರಕ್ಕೆ ಮುರಿಯುತ್ತದೆ. ಕೊನೆಯದಾಗಿ, ಕಾಂಕ್ರೀಟು ಗಟ್ಟಿಯಾಗುತ್ತ ಕುಗ್ಗುತ್ತದೆ. ಕುಗ್ಗಲು ಅದಕ್ಕೆ ಸಂದು ಬಿಡದಿದ್ದರೆ ತನ್ನ ಸಂದನ್ನು ಬಿರುಕಿನ ರೂಪದಲ್ಲಿ ತಾನೇ ಮಾಡಿಕೊಳ್ಳುತ್ತದೆ.

ಪರೀಕ್ಷೆ

ಆದ್ದರಿಂದ ಮೇಸ್ತ್ರಿಯನ್ನು ಕರೆಯುವ ಮೊದಲು ಮನೆಯವರೇ ಮೂರು ಪರೀಕ್ಷೆ ಮಾಡಬಹುದು. ಇದಕ್ಕೆ ಬೇಕಾದದ್ದು ಒಂದು ಸಣ್ಣ ಸುತ್ತಿಗೆ, ಒಂದು ಪೆನ್ಸಿಲು, ಒಂದು ಕೊಡ ನೀರು.

ಸುತ್ತಿಗೆಯಿಂದ ಒಂದೊಂದು ಅಡಿಗೆ ಮೆಲ್ಲನೆ ತಟ್ಟಬೇಕು. ಗಟ್ಟಿ ಸದ್ದು ಬಂದರೆ ಅಡಿ ಭದ್ರವಾಗಿದೆ. ಮಾಗಿದ ಹಲಸಿಗೆ ತಟ್ಟಿದಂಥ ಮಂದ ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಅಲ್ಲಿ ಮೇಲ್ಪದರ ಬಿಟ್ಟಿದೆ, ಇಲ್ಲವೇ ಅಡಿ ಟೊಳ್ಳಾಗಿದೆ. ಬಿರುಕಿನ ಎರಡೂ ದಡಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ನಡುವಣ ಅಂತರವನ್ನು ಬರೆದಿಟ್ಟು, ಒಂದು ಮಳೆಗಾಲ ಒಂದು ಬೇಸಗೆ ಕಳೆದ ಮೇಲೆ ಮತ್ತೆ ಅಳೆಯಬೇಕು. ಅಂತರ ಬದಲಾಗದಿದ್ದರೆ ಬಿರುಕು ಸತ್ತಿದೆ, ಬದಲಾದರೆ ಜೀವಂತವಾಗಿದೆ. ಸತ್ತ ಬಿರುಕನ್ನು ಗಾರೆಯಿಂದ ತುಂಬಬಹುದು. ಜೀವಂತ ಬಿರುಕಿಗೆ ಗಾರೆ ತುಂಬಿದರೆ ಪಕ್ಕದಲ್ಲೇ ಮತ್ತೊಂದು ಬಾಯಿ ಬಿಡುತ್ತದೆ. ಕೊನೆಯದಾಗಿ ನೀರು ಸುರಿದು ಅದು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಮೊದಲ ಎರಡು ಪರೀಕ್ಷೆಗಳು ಕಾಂಕ್ರೀಟಿನ ಆರೋಗ್ಯವನ್ನು ಹೇಳುತ್ತವೆ, ಮೂರನೆಯದು ಇಡೀ ಮನೆಯ ಆರೋಗ್ಯವನ್ನು.

ಹಾಸಿನ ಬಹುಭಾಗ ಗಟ್ಟಿ ಸದ್ದು ಕೊಟ್ಟು, ಸವೆತ ಮೇಲಿನ ಅರ್ಧ ಅಂಗುಲಕ್ಕೆ ಸೀಮಿತವಾಗಿದ್ದರೆ ಒಡೆಯುವ ಅಗತ್ಯವಿಲ್ಲ. ಹೊಸ ಮೇಲ್ಪದರ ಸಾಕು. ಅಲ್ಲಲ್ಲಿ ಮಾತ್ರ ಕುಸಿದಿದ್ದರೆ ಆ ಭಾಗಗಳನ್ನಷ್ಟೇ ಚೌಕವಾಗಿ ಕತ್ತರಿಸಿ ತೆಗೆದು, ಅಡಿಯ ಮಣ್ಣು ದಿಮ್ಮಿಸಿ, ಮತ್ತೆ ಹಾಕಬೇಕು. ಹಾಸು ತುಂಡುತುಂಡಾಗಿ, ಕಾರು ಹತ್ತಿದಾಗ ತುಂಡುಗಳು ಅಲುಗುತ್ತಿದ್ದರೆ ಮಾತ್ರ ಪೂರ್ತಿ ಒಡೆಯುವ ಮಾತು.

ಮೇಲ್ಪದರ ಹಾಕುವ ಕ್ರಮ

ಹಳೆಯ ಕಾಂಕ್ರೀಟಿಗೆ ಹೊಸದು ಅಂಟಬೇಕಾದರೆ ಹಳೆಯದರ ಮುಖ ಗಟ್ಟಿಯಾಗಿ, ಒರಟಾಗಿ, ಶುಚಿಯಾಗಿ ಇರಬೇಕು. ಕೆಲಸದ ಮುಕ್ಕಾಲು ಪಾಲು ಇರುವುದು ಇಲ್ಲೇ. ಸಡಿಲವಾದುದನ್ನೆಲ್ಲ ಉಳಿ ಸುತ್ತಿಗೆಯಿಂದ ತೆಗೆದು, ಮೇಲ್ಮೈಯನ್ನು ಕಚ್ಚು ಹೊಡೆದು, ತಂತಿ ಬ್ರಷ್ಷಿನಿಂದ ಉಜ್ಜಿ, ದೂಳನ್ನು ಗುಡಿಸಿ ತೊಳೆಯಬೇಕು. ಎಣ್ಣೆಯ ಕಲೆಗಳನ್ನು ಸೋಪಿನ ಪುಡಿಯಿಂದ ತಿಕ್ಕಬೇಕು. ಆಸಿಡ್ ಸುರಿಯುವ ರೂಢಿಯೊಂದಿದೆ. ಅದು ಕಲೆಯೊಡನೆ ಸಿಮೆಂಟನ್ನೂ ತಿನ್ನುತ್ತದೆ, ತೊಳೆದ ನೀರು ಬೇರುಗಳಿಗೂ ಬಾವಿಗೂ ಹೋಗುತ್ತದೆ. ಅದನ್ನು ಬಿಡುವುದೇ ಕ್ಷೇಮ.

ಹಿಂದಿನ ರಾತ್ರಿಯೇ ಹಳೆಯ ಹಾಸಿಗೆ ನೀರುಣಿಸಬೇಕು. ಬೆಳಗ್ಗೆ ಅದು ನೆನೆದಿರಬೇಕು, ಆದರೆ ಮೇಲೆ ನೀರು ನಿಂತಿರಬಾರದು. ಒಣ ಕಾಂಕ್ರೀಟು ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ. ನಿಂತ ನೀರು ಅಂಟನ್ನು ತೆಳ್ಳಗಾಗಿಸುತ್ತದೆ. ಬಳಿಕ ಸಿಮೆಂಟ್ ಹಾಲನ್ನು ಬ್ರಷ್ಷಿನಿಂದ ತಿಕ್ಕಿ ಹಚ್ಚಿ, ಅದು ಒಣಗುವ ಮೊದಲೇ ಗಾರೆ ಹಾಕಬೇಕು. ಅರ್ಧದಿಂದ ಒಂದು ಅಂಗುಲದ ತೆಳು ಪದರಕ್ಕೆ ಸಿಮೆಂಟು ಮರಳಿನ ಗಾರೆಯೊಂದೇ ಸಾಲದು. ಎಸ್‌ಬಿಆರ್ ಲೇಟೆಕ್ಸ್ ಎಂಬ, ರಬ್ಬರ್ ಹಾಲಿನಂಥ ಕೃತಕ ದ್ರವವನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ಸಿಮೆಂಟ್ ಹಾಲಿಗೂ ಗಾರೆಗೂ ಬೆರೆಸಿದರೆ ಹಿಡಿತ ಬರುತ್ತದೆ. ಎರಡು ಅಂಗುಲಕ್ಕೂ ದಪ್ಪ ಬೇಕಾದ ಕಡೆ ಗಾರೆಯ ಬದಲು ಸಣ್ಣ ಜಲ್ಲಿಯ ಕಾಂಕ್ರೀಟನ್ನೇ ಬಳಸಬೇಕು. ಪದರದ ಅಂಚನ್ನು ದೋಸೆಯ ಅಂಚಿನಂತೆ ಶೂನ್ಯಕ್ಕೆ ಇಳಿಸಬಾರದು; ಹಳೆಯ ಹಾಸಿನಲ್ಲಿ ಅರ್ಧ ಅಂಗುಲ ಆಳದ ನೇರ ಕಚ್ಚು ಕತ್ತರಿಸಿ ಅಲ್ಲಿಗೆ ಮುಗಿಸಬೇಕು.

ಹಳೆಯ ಸಂದು ಇದ್ದ ಕಡೆ ಹೊಸ ಪದರದಲ್ಲೂ ಸರಿಯಾಗಿ ಅದರ ಮೇಲೆಯೇ ಸಂದು ಬಿಡಬೇಕು. ಜೀವಂತ ಬಿರುಕನ್ನೂ ಸಂದೆಂದೇ ಎಣಿಸಿ, ಹಿಗ್ಗಿ ಕುಗ್ಗುವ ಸೀಲಂಟ್ ತುಂಬಬೇಕು. ಹೊಸದಾಗಿ ನಾಲ್ಕು ಅಂಗುಲದ ಹಾಸು ಹಾಕುವುದಾದರೆ ಎಂಟರಿಂದ ಹತ್ತು ಅಡಿಗೊಂದರಂತೆ ಒಂದು ಅಂಗುಲ ಆಳದ ಸಂದು ಬೇಕು. ಮೇಲ್ಮೈಯನ್ನು ಕನ್ನಡಿಯಾಗಿಸದೆ ಕಡ್ಡಿ ಪೊರಕೆಯಿಂದ ಅಡ್ಡಗೀರು ಎಳೆದರೆ ಕಾಲೂ ಚಕ್ರವೂ ಜಾರುವುದಿಲ್ಲ. ಹಾವಸೆ ಕಟ್ಟುವ ಮಲೆನಾಡಿನ ಏರಿಗೆ ಇದು ಜೀವರಕ್ಷಕ.

ಲೇಟೆಕ್ಸ್ ಬೆರೆಸಿದ ಪದರವನ್ನು ಒಂದೆರಡು ದಿನ ಒದ್ದೆ ಗೋಣಿಚೀಲದಿಂದ ಮುಚ್ಚಿ, ಆಮೇಲೆ ಗಾಳಿಗೆ ಒಣಗಲು ಬಿಡಬೇಕು. ಸಾದಾ ಕಾಂಕ್ರೀಟಾದರೆ ಮೊದಲು ಹೇಳಿದಂತೆ ಏಳು ಅಥವಾ ಹತ್ತು ದಿನ. ಅಲ್ಲಿಯವರೆಗೆ ಕಾರು ರಸ್ತೆಯಲ್ಲೇ ಇರಲಿ. ಮಳೆಗಾಲ ಮುಗಿದು ಬಿಸಿಲು ಏರುವ ಮುನ್ನಿನ ತಿಂಗಳುಗಳು ಈ ಕೆಲಸಕ್ಕೆ ಹದವಾದ ಕಾಲ.

ಹೀಗೆ ಮಾಡಿದರೆ ಉಳಿಯುವುದೇನು? ಬ್ಯಾಡರಹಳ್ಳಿಯ ಆ ಇನ್ನೂರು ಚದರಡಿಯನ್ನು ಒಡೆದು ನಾಲ್ಕು ಅಂಗುಲ ದಪ್ಪಕ್ಕೆ ಮತ್ತೆ ಹಾಕಲು ಸುಮಾರು 15 ಚೀಲ ಸಿಮೆಂಟು ಬೇಕು; ಒಡೆದ ಅವಶೇಷವೇ ನಾಲ್ಕೂವರೆ ಟನ್ನಿನಷ್ಟಾಗುತ್ತದೆ. ಮುಕ್ಕಾಲು ಅಂಗುಲದ ಮೇಲ್ಪದರಕ್ಕೆ ಸಾಕಾಗುವುದು ಸುಮಾರು 4 ಚೀಲ. ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಸಿಮೆಂಟು ಮಾಡುವಾಗ, ಸಾದಾ ಸಿಮೆಂಟಿನ ಒಂದು ಚೀಲಕ್ಕೆ ಸುಮಾರು 40 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹನ್ನೊಂದು ಚೀಲ ಉಳಿಸಿದವರು ನಾಲ್ಕು ಕ್ವಿಂಟಲಿಗೂ ಹೆಚ್ಚು ಹೊಗೆಯನ್ನು ತಡೆದಂತಾಯಿತು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂಗಳ ಸುಣ್ಣಕಲ್ಲು, ಮಲೆನಾಡಿನಿಂದ ಹರಿದುಬರುವ ನದಿಗಳ ಮರಳು, ಬಯಲುಸೀಮೆಯ ಬಂಡೆಗಳ ಜಲ್ಲಿ ಇವೆಲ್ಲ ಒಂದು ಅಂಗಳದಲ್ಲಿ ಕೂಡುತ್ತವೆ. ಸಣ್ಣ ಖನಿಜಗಳ ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಆದೇಶಿಸಿತು. ಎಂ-ಸ್ಯಾಂಡ್ ಬಂದ ಮೇಲೆ ನದಿಯ ಮೇಲಿನ ಹೊರೆ ಒಂದಿಷ್ಟು ಗುಡ್ಡದ ಮೇಲಕ್ಕೆ ಸರಿಯಿತು. ಹೊರೆ ಮಾತ್ರ ಇಳಿಯಲಿಲ್ಲ. ಅದನ್ನು ಇಳಿಸಲು ಮನೆಯವರ ಕೈಯಲ್ಲಿರುವ ಉಪಾಯ, ಇದ್ದದ್ದನ್ನು ಬಾಳಿಸುವುದು.

ನೀರು ಎತ್ತ ಹೋಗುತ್ತದೆ?

ಇನ್ನು ಮೂರನೆಯ ಪರೀಕ್ಷೆಗೆ, ಆ ಒಂದು ಕೊಡ ನೀರಿಗೆ ಮರಳಬೇಕು. ಬ್ಯಾಡರಹಳ್ಳಿಯ ಆ ಅಂಗಳದ ನೀರು ಗೇಟಿನ ಅಡಿಯಿಂದ ಚರಂಡಿಗೆ ಹೋಗುತ್ತದೆ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಇನ್ನೂರು ಚದರಡಿಯ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 18 ಸಾವಿರ ಲೀಟರ್. ಆರು ಸಾವಿರ ಲೀಟರಿನ ಮೂರು ಟ್ಯಾಂಕರ್. ಬೇಸಗೆಯಲ್ಲಿ ಇದೇ ಬೀದಿಗೆ ಟ್ಯಾಂಕರ್ ಬರುತ್ತದೆ. ಮಳೆಗಾಲದಲ್ಲಿ ಪುಕ್ಕಟೆ ಬಂದದ್ದನ್ನು ಹೊರಗೆ ಕಳಿಸಿ, ಬೇಸಗೆಯಲ್ಲಿ ಹಣ ಕೊಟ್ಟು ತರಿಸಿಕೊಳ್ಳುವ ವ್ಯವಹಾರವಿದು. 2022ರ ಮಳೆಗಾಲದಲ್ಲಿ ಬೆಂಗಳೂರಿನ ಬಡಾವಣೆಗಳು ಮುಳುಗಿದವು. 2024ರ ಬೇಸಗೆಯಲ್ಲಿ ಅದೇ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆಯೆಂದು ಸರ್ಕಾರವೇ ಹೇಳಿತು. ಇವೆರಡಕ್ಕೂ ಕಾರಣಗಳು ಹಲವು. ಅವುಗಳಲ್ಲಿ ಒಂದು, ನೀರು ಕುಡಿಯಲಾಗದಂತೆ ಮುಚ್ಚಿದ ನೆಲ.

ಮಾಗಡಿ ರಸ್ತೆಯಲ್ಲಿ ಇನ್ನೂ ಪಶ್ಚಿಮಕ್ಕೆ ಸಾಗಿದರೆ ತಿಪ್ಪಗೊಂಡನಹಳ್ಳಿಯ ಜಲಾಶಯವಿದೆ. ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ 1930ರ ದಶಕದಲ್ಲಿ ಕಟ್ಟಿದ ಈ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ನೀರು ಕೊಟ್ಟಿತು. ಅದರ ಒಳಹರಿವು ಕುಗ್ಗುತ್ತ ಬಂದಾಗ ಜಲಾನಯನ ಪ್ರದೇಶವನ್ನು ಕಾಪಾಡಲು ಸರ್ಕಾರ 2003ರಲ್ಲಿ ಅಧಿಸೂಚನೆ ಹೊರಡಿಸಬೇಕಾಯಿತು. 2009ರಲ್ಲಿ ಬೆಂಗಳೂರು ಜಲಮಂಡಲಿಯ ಕಾಯಿದೆಗೆ ತಿದ್ದುಪಡಿ ತಂದು, ಇದ್ದ ಮನೆಗಳಲ್ಲಿ 2,400 ಚದರಡಿ ಹಾಗೂ ಮೇಲ್ಪಟ್ಟ ನಿವೇಶನಗಳಿಗೂ, ಹೊಸ ಮನೆಗಳಲ್ಲಿ 1,200 ಚದರಡಿ ಹಾಗೂ ಮೇಲ್ಪಟ್ಟ ನಿವೇಶನಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಲಾಯಿತು. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಅಂಗಳವನ್ನು ಮತ್ತೆ ಹಾಕುವ ದಿನ ಅದನ್ನು ನೆನೆಯುವವರು ವಿರಳ.

ನಗರದ ಬೀದಿಗಳಲ್ಲಿ ಇನ್ನೊಂದು ತೊಡಕೂ ಇದೆ. ರಸ್ತೆಗೆ ಪದರದ ಮೇಲೆ ಪದರ ಹಾಕಿದಂತೆ ರಸ್ತೆ ಏರುತ್ತದೆ, ಅಂಗಳ ತಗ್ಗಾಗುತ್ತದೆ. ರಸ್ತೆಯ ನೀರು ಒಳಗೆ ಬರುತ್ತದೆಂದು ಅಂಗಳವನ್ನು ಏರಿಸಿದರೆ ನೀರು ಹೊಸ್ತಿಲ ಕಡೆಗೆ ತಿರುಗುತ್ತದೆ. ಗೇಟಿನ ಮುಂದೆ ಚರಂಡಿಯ ಮೇಲೆ ಕಾಂಕ್ರೀಟಿನ ಇಳಿಜಾರು ಕಟ್ಟಿದರೆ ಚರಂಡಿ ಕಟ್ಟಿಕೊಂಡು ಇಡೀ ಬೀದಿ ಕೆರೆಯಾಗುತ್ತದೆ. ಆದುದರಿಂದ ಮೇಲ್ಪದರದ ದಪ್ಪ ನಿರ್ಧರಿಸುವ ಮೊದಲು ರಸಮಟ್ಟ ಅಥವಾ ನೀರು ತುಂಬಿದ ಕೊಳವೆಯಿಂದ ರಸ್ತೆ, ಅಂಗಳ, ಹೊಸ್ತಿಲು ಮೂರರ ಎತ್ತರವನ್ನೂ ಅಳೆಯಬೇಕು. ಹತ್ತು ಅಡಿಗೆ ಎರಡರಿಂದ ಎರಡೂವರೆ ಅಂಗುಲದ ಇಳಿಜಾರು ಮನೆಯಿಂದ ದೂರಕ್ಕೆ ಸಾಗುವಂತಿರಬೇಕು. ಸಾಧ್ಯವಾದಷ್ಟೂ ಚರಂಡಿಯ ಕಡೆಗಲ್ಲ, ಗಿಡಗಳ ಪಾತಿಯ ಕಡೆಗೆ.

ಪೂರ್ತಿ ಒಡೆಯುವುದು ಅನಿವಾರ್ಯವಾದಾಗ ಆ ಅನಿವಾರ್ಯವೇ ಒಂದು ಅವಕಾಶ. ಕಾರಿಗೆ ಬೇಕಾದದ್ದು ಹತ್ತು ಅಡಿಯಲ್ಲ, ಎರಡು ಚಕ್ರಗಳಿಗೆ ಎರಡೆರಡು ಅಡಿಯ ಎರಡು ಪಟ್ಟಿ. ನಡುವೆಯೂ ಅಂಚಿನಲ್ಲೂ ಗರಿಕೆ ಬೆಳೆಯಲಿ. ಸಂದು ಬಿಟ್ಟು ಹಾಸಿದ ಕಲ್ಲು ಚಪ್ಪಡಿಯೂ ಆದೀತು. ಒಡೆದ ಕಾಂಕ್ರೀಟನ್ನು ಖಾಲಿ ನಿವೇಶನಕ್ಕೋ ಕೆರೆಯಂಗಳಕ್ಕೋ ಸಾಗಿಸದೆ, ಪುಡಿಮಾಡಿ ಹೊಸ ಹಾಸಿನ ಅಡಿಗೇ ದಿಮ್ಮಿಸಬಹುದು. ಚಾವಣಿಯ ನೀರನ್ನು ಸೋಸಿ ಇಂಗುಬಾವಿಗೆ ಬಿಡಬಹುದು; ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಥ ಬಾವಿಗಳನ್ನು ತೋಡುವ ಮಣ್ಣು ವಡ್ಡರ ಕುಶಲತೆ ಬೆಂಗಳೂರಿನ ಸುತ್ತ ಇನ್ನೂ ಜೀವಂತವಾಗಿದೆ. ಆದರೆ ಕಾರಿನ ಎಣ್ಣೆ ಬೆರೆತ ಅಂಗಳದ ನೀರನ್ನು ನೇರವಾಗಿ ಬಾವಿಗೆ ಬಿಡಕೂಡದು. ಅದು ಹುಲ್ಲು ಮಣ್ಣಿನ ಮೇಲೆ ಹರಿದು ಇಂಗಲಿ.

ಮಲೆನಾಡಿನ ಏರುದಾರಿ

ಇಷ್ಟೆಲ್ಲ ನಗರದ ಮಾತಾಯಿತು. ಮಲೆನಾಡಿನಲ್ಲಿ ಮಳೆ ಇದರ ಮೂರು ನಾಲ್ಕು ಪಟ್ಟು, ನೆಲ ಇಳಿಜಾರು, ಅಂಗಳದ ಬದಲು ನೂರಾರು ಅಡಿ ಉದ್ದದ ದಾರಿ. ಹತ್ತು ಅಡಿ ಅಗಲ, ನೂರೈವತ್ತು ಅಡಿ ಉದ್ದದ ಏರುದಾರಿಯ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 14 ಸಾವಿರ ಲೀಟರ್ ನೀರು ಕೆಳಗಿನ ತುದಿಗೆ ನುಗ್ಗುತ್ತದೆ. ಆ ತುದಿಯಲ್ಲಿರುವುದು ಬಹಳ ಸಲ ಅಡಿಕೆ ತೋಟ. ಮೇಲ್ಮಣ್ಣು ಕೊಚ್ಚಿ ಬಸಿಗಾಲುವೆ ತುಂಬುತ್ತದೆ, ದಾರಿಯ ಅಂಚಿನಲ್ಲಿ ಕೊರಕಲು ಬೀಳುತ್ತದೆ, ಅಂಚು ಟೊಳ್ಳಾಗಿ ಕಾಂಕ್ರೀಟು ಮುರಿಯುತ್ತದೆ. ಆಗ ಮನೆಯವರು ಕಾಂಕ್ರೀಟಿಗೆ ತೇಪೆ ಹಾಕುತ್ತಾರೆ. ರೋಗ ನೀರಿನದು, ಔಷಧ ಸಿಮೆಂಟಿಗೆ.

ಇಲ್ಲಿ ರಿಪೇರಿಯ ಕ್ರಮ ತಿರುವುಮುರುವಾಗಬೇಕು: ಮೊದಲು ನೀರು, ಆಮೇಲೆ ಕಾಂಕ್ರೀಟು. ಇಪ್ಪತ್ತು ಮೂವತ್ತು ಅಡಿಗೊಂದರಂತೆ ದಾರಿಗೆ ಓರೆಯಾಗಿ ತಗ್ಗು ಮಾಡಿ, ಓಟ ಹಿಡಿಯುವ ಮೊದಲೇ ನೀರನ್ನು ಪಕ್ಕದ ಹುಲ್ಲಿಗೋ ದರಗು ಮುಚ್ಚಿದ ನೆಲಕ್ಕೋ ತಿರುಗಿಸಬೇಕು. ಅಂಚಿಗೆ ಕಲ್ಲು ಕಟ್ಟಿ, ಬೇರು ಬಿಡುವ ಲಾವಂಚದಂಥ ಹುಲ್ಲು ನೆಡಬೇಕು. ಟೊಳ್ಳಾದ ಕಡೆ ಮಣ್ಣು ಜಲ್ಲಿ ದಿಮ್ಮಿಸಿದ ಮೇಲೆಯೇ ಮೇಲ್ಪದರದ ಯೋಚನೆ. ಹೊಸದಾಗಿ ಹಾಕುವವರಿಗೆ ಎರಡು ಪಟ್ಟಿಯ ದಾರಿಯೇ ಮೊದಲ ಆಯ್ಕೆಯಾಗಲಿ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಇಂಗುಗುಂಡಿ ಎಲ್ಲೆಡೆಗೂ ಒಳ್ಳೆಯದಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡಗಳು ಕುಸಿದುದನ್ನು ನಾಡು ಕಂಡಿದೆ. ದಾರಿಗಾಗಿಯೋ ಮನೆಗಾಗಿಯೋ ಕಡಿದಾಗಿ ಕತ್ತರಿಸಿದ ದರೆಯ ನೆತ್ತಿಯ ಮೇಲೆ ಗುಂಡಿ ತೋಡಿ ನೀರು ನಿಲ್ಲಿಸಿದರೆ ಮಣ್ಣು ಭಾರವಾಗಿ, ಸಡಿಲವಾಗಿ, ದರೆಯೇ ಜಾರಬಹುದು. ಅಂಥಲ್ಲಿ ನೀರನ್ನು ದರೆಯಿಂದ ದೂರ ಒಯ್ದು ಹಳ್ಳಕ್ಕೆ ನಿಧಾನವಾಗಿ ಸೇರಿಸುವುದೇ ಸರಿ. ನಗರದ ಪರಿಹಾರವನ್ನು ಗುಡ್ಡಕ್ಕೆ ಕಣ್ಣುಮುಚ್ಚಿ ತರಬಾರದು. ನಗರದ ತಪ್ಪನ್ನಂತೂ ತರಲೇಬಾರದು.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಬರುವ ಮಳೆಗಾಲದಲ್ಲಿ ತಮ್ಮ ಮನೆಯ, ಶಾಲೆಯ ಕಾಂಕ್ರೀಟು ನೆಲದ ಉದ್ದ ಅಗಲ ಅಳೆದು, ಅದನ್ನು ಚದರ ಮೀಟರಿಗೆ ಇಳಿಸಿ, ದಿನದ ಮಳೆಯ ಮಿಲಿಮೀಟರಿನಿಂದ ಗುಣಿಸಲಿ. ಬಂದ ಉತ್ತರವೇ ಲೀಟರು. ಆ ಲೀಟರುಗಳು ಯಾವ ದಾರಿ ಹಿಡಿದು ಎಲ್ಲಿಗೆ ಹೋದವೆಂದು ಕೊಡೆ ಹಿಡಿದು ಹಿಂಬಾಲಿಸಿ ಒಂದು ನಕ್ಷೆ ಬರೆಯಲಿ. ಹಿರಿಯರು ಮೇಸ್ತ್ರಿಯನ್ನು ಕರೆಯುವ ಮೊದಲು ಆ ನಕ್ಷೆಯನ್ನು ನೋಡಲಿ. ಅಂಗಳದ ರಿಪೇರಿ ಅಲ್ಲಿಂದ ಆರಂಭವಾದರೆ ಕಾಂಕ್ರೀಟೂ ಬಾಳುತ್ತದೆ, ಕೆಳಗಿನ ತೋಟವೂ ಬಾಳುತ್ತದೆ.